ಕುಚ್ಚಲಕ್ಕಿಗೆ ಬಂದ ಕೊನೆಯ ಸ್ಥಾನ

ಅಳತೆಯಿಲ್ಲದೆ ಆಡಳಿತವಿಲ್ಲ ಎಂಬುದು ಬಹಳ ಗಂಭೀರವಾದ ಸತ್ಯ. ಆದರೆ ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮಲ್ಲಿ ಈಗಲೂ ಒಂದು ಅಗುಳನ್ನು ಹಿಸುಕಿ ನೋಡುತ್ತಾರೆ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಪುಂಜಾಲಕಟ್ಟೆ ಹತ್ತಿರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ನಮ್ಮ ಬಿಸಿಯೂಟಕ್ಕೆ ಇಬ್ಬರು ಅಡುಗೆಯವರು. ಎರಡನೆಯವರಾದ ಗಿರಿಜಕ್ಕನ ಸಂಬಳವನ್ನು ಒಂದು ಸೇವಾಸಂಸ್ಥೆ ಕೊಡುತ್ತಿತ್ತು. ಆ ವರ್ಷ ಸಂಸ್ಥೆಗೆ, ತಾನು ನೆರವು ಕೊಡುವ ಅಡುಗೆಮನೆಗಳಲ್ಲಿ ಯಾವುದು ಹೆಚ್ಚು ದಕ್ಷ ಎಂದು ತಿಳಿಯುವ ಹಂಬಲ ಹುಟ್ಟಿತು. ಎಷ್ಟು ಗ್ಯಾಸು, ಎಷ್ಟು ಅಕ್ಕಿ, ಎಷ್ಟು ಜನರ ದುಡಿಮೆ, ಊಟ ಮಾಡಿದ ಮಕ್ಕಳೆಷ್ಟು ಎಂದು ಫಾರಂ ಬಂತು. ಸೊನ್ನೆ ತಪ್ಪದಂತೆ ತುಂಬಿ ಸಹಿ ಹಾಕಿದವನು ನಾನೇ. ಅದರಲ್ಲಿ ನಮ್ಮ ಅಡುಗೆಮನೆಗೆ 'ನಿರ್ಧಾರ ಕೈಗೊಳ್ಳುವ ಘಟಕ' ಎಂಬ ಹೆಸರಿತ್ತು.

ಗಿರಿಜಕ್ಕನಿಗೆ ಓದಿ ಹೇಳಿದೆ. "ಉಪ್ಪು ಎಷ್ಟು ಹಾಕುವುದು ಅಂತ ಬಿಟ್ರೆ ನಾವು ಬೇರೆಂಥ ನಿರ್ಧಾರ ಮಾಡುವುದು ಮಾಸ್ಟ್ರೇ?" ಎಂದರು.

ಫಲಿತಾಂಶ ಬಂತು. ನಮಗೆ ಕೊನೆಯ ಸ್ಥಾನ. ತೋಡಾರು ಕಡೆಯ ಒಂದು ಶಾಲೆಗೆ ಮೊದಲನೆಯದು. ಅಲ್ಲೂ ನಮ್ಮಷ್ಟೇ ಮಕ್ಕಳು, ಅಡುಗೆಗೆ ಮಾತ್ರ ಒಬ್ಬರೇ. ಗ್ಯಾಸು ನಮ್ಮ ಅರ್ಧ. ಅವರನ್ನು ನೋಡಿ ಕಲಿಯಿರಿ, ಸುಧಾರಿಸದಿದ್ದರೆ ಎರಡನೆಯವರ ಸಂಬಳ ನಿಲ್ಲುತ್ತದೆ ಎಂದು ಪತ್ರ.

ಕಲಿಯಲು ಹೋದೆವು, ಗಿರಿಜಕ್ಕ ಮತ್ತು ನಾನು, ಎರಡು ಬಸ್ಸು ಬದಲಾಯಿಸಿ. ಅಲ್ಲಿನ ಅಡುಗೆಯವರು ನಮಗೆ ಚಾ ಕೊಟ್ಟು ಪಾತ್ರೆಯ ಮುಚ್ಚಳ ತೆಗೆದರು. ಒಳಗೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ.

"ಇದು ಇಪ್ಪತ್ತು ನಿಮಿಷದ ಕೆಲಸ ಅಲ್ವಾ," ಎಂದರು. "ಕುಚ್ಚಲಕ್ಕಿಯಾದ್ರೆ ನನ್ನೊಬ್ಬಳ ಕೈಯಲ್ಲಿ ಆಗ್ಲಿಕ್ಕಿಲ್ಲ."

ನಮ್ಮ ಶಾಲೆಯ ಮಕ್ಕಳಿಗೆ ಬೆಳ್ತಿಗೆ ಸೇರುವುದಿಲ್ಲವೆಂದು ಅವರ ಮನೆಯವರೇ ಕುಚ್ಚಲಕ್ಕಿ ತಂದುಕೊಡುತ್ತಿದ್ದರು. ಅದು ಬೇಯಲು ಗಂಟೆಗಟ್ಟಲೆ ಬೇಕು. ಆಮೇಲೆ ಅಷ್ಟು ದೊಡ್ಡ ಪಾತ್ರೆಯನ್ನು ಇಬ್ಬರು ಹಿಡಿದು ಬಗ್ಗಿಸಿ ಗಂಜಿ ಬಸಿಯಬೇಕು. ಫಾರಮಿನಲ್ಲಿ ಅಕ್ಕಿಗೆ ತೂಕವಿತ್ತು, ಜಾತಿ ಇರಲಿಲ್ಲ. ಸಹಿ ಹಾಕುವಾಗ ನನಗೂ ಹೊಳೆಯಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬಂಟ್ವಾಳದಲ್ಲಿ ಸಭೆ ಕರೆದಾಗ ಎದ್ದು ನಿಂತು ಇದನ್ನೆಲ್ಲ ಹೇಳಿದೆ. ಸಂಸ್ಥೆಯ ಯುವಕ ಬಹಳ ವಿನಯದಿಂದ, "ಎಲ್ಲಾ ಘಟಕಗಳನ್ನೂ ಒಂದೇ ತರ ನೋಡ್ಬೇಕಾಗುತ್ತೆ ಸರ್, ಇಲ್ಲಾಂದ್ರೆ ಹೋಲಿಕೆನೇ ಆಗಲ್ಲ," ಎಂದ.

"ಒಂದು ದಿನ ಬಂದು ಗಂಜಿ ಬಸಿಯಲಿಕ್ಕೆ ಒಂದು ಬದಿ ಹಿಡೀರಿ ಮಾರಾಯ್ರೆ. ಆಮೇಲೆ ಹೋಲಿಸುವ," ಎಂದೆ. ಮೂವತ್ತೆರಡು ವರ್ಷದ ನೌಕರಿಯಲ್ಲಿ ನಾನು ಸಭೆಯಲ್ಲಿ ಸ್ವರ ಏರಿಸಿದ್ದು ಅದೊಂದೇ ಸಲ. ಆತ ಅದನ್ನೂ ಬರೆದುಕೊಂಡ.

ಜೂನ್‌ನಿಂದ ಗಿರಿಜಕ್ಕನ ಸಂಬಳ ನಿಂತಿತು. ಈಗ ಅವರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಉಳಿದವರು ಒಬ್ಬರೇ ಆದ್ದರಿಂದ ಶಾಲೆಯಲ್ಲಿ ಬೆಳ್ತಿಗೆ ಬೇಯಿಸಲು ಶುರು ಮಾಡಿದೆವು. ಮಕ್ಕಳು ಬಟ್ಟಲಲ್ಲಿ ಅರ್ಧ ಬಿಟ್ಟು ಏಳತೊಡಗಿದರು. ಬಿಟ್ಟ ಅನ್ನಕ್ಕೆ ಫಾರಮಿನಲ್ಲಿ ಕಾಲಂ ಇರಲಿಲ್ಲ.

ಮರುವರ್ಷ ನಮ್ಮ ಶಾಲೆಗೆ ಮೊದಲ ಸ್ಥಾನ ಬಂತು.