ಮುಡಿ ಕೊಟ್ಟ ಮುಖ

ಆ ವರ್ಷ ಪ್ರಶ್ನೆ ಕೇಳುವುದೇ ನನ್ನ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಆ್ಯಪ್ ನೋಡಿಕೊಂಡು ಮನೆಮನೆಗೆ ಊಟ ತಲುಪಿಸುವವರ ಬದುಕಿನ ಬಗ್ಗೆ ಒಂದು ಸಂಶೋಧನೆ. ಏಳನೆಯ ಪ್ರಶ್ನೆಯನ್ನು ಕನ್ನಡಕ್ಕೆ ತಂದವಳು ನಾನೇ: 'ಈ ಕೆಲಸದಿಂದ ನಿಮ್ಮ ಗುರುತು ಎಷ್ಟು ಗಟ್ಟಿಯಾಗಿದೆ? ಒಂದರಿಂದ ಐದರೊಳಗೆ ಹೇಳಿ.' ಕೇಳಿದವರೆಲ್ಲ ಫೋನ್ ತೆಗೆದು ತಮ್ಮ ಐಡಿ ತೋರಿಸುತ್ತಿದ್ದರು. ಪ್ರಶ್ನೆ ಅವರಿಗೆ ಅರ್ಥವಾಗಿಲ್ಲ ಎಂದು ಬರೆದುಕೊಂಡೆ. ಅರ್ಥವಾಗದೆ ಇದ್ದದ್ದು ನನಗೆ.

ಆಕೆ ಸಿಕ್ಕಿದ್ದು ಕೋಲಾರದಲ್ಲಿ, ರೈಡರುಗಳು ಆರ್ಡರಿಗೆ ಕಾಯುವ ಹೋಟೆಲೊಂದರ ಮುಂದೆ. ಹುಣಸೆಮರದ ನೆರಳಲ್ಲಿ ಎಂದು ಬರೆಯಲು ಕೈ ಹೋಗುತ್ತದೆ. ಅಲ್ಲಿ ಮರವಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಇತ್ತು. ಶಿವಾರಪಟ್ಟಣದ ಕಡೆಯ ಹೆಂಗಸು, ಆಕೆಯೂ ರೈಡರ್. ಹಿಂದಿನ ದಿನ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದಳು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಆ್ಯಪ್ ಕೇಳುವ ಸೆಲ್ಫಿ ಕೊಟ್ಟರೆ, ಮುಖ ಹೊಂದುತ್ತಿಲ್ಲ ಎಂದಿತು. ಮೂರನೆಯ ಸಲಕ್ಕೆ ಐಡಿ ಬಂದ್.

"ಗುಂಡು ಬಾಗುಂದಿ ಅಕ್ಕಾ! ಬೋಳ್ತಲೆ ಹೊಳಪಿಗೆ ಫೋನೇ ಕಣ್ ಮುಚ್ಕೊಂಡೈತೆ," ಎಂದ ಪಕ್ಕದ ರೈಡರ್, ಅರ್ಧ ತೆಲುಗಿನಲ್ಲಿ.

"ನಗು ಕಣೋ ನಗು. ನಾಳೆ ನೀನ್ ಮೀಸೆ ಬೋಳಿಸ್ಕೋ, ಆಗ ಗೊತ್ತಾಯ್ತದೆ."

ತಲೆಗೆ ದುಪಟ್ಟಾ ಹೊದ್ದು ನೋಡಿ ಎಂದೆ ನಾನು. ನನ್ನ ನೆನಪಿನಲ್ಲಿ ಆಕೆ ಅದಕ್ಕೆ ನಕ್ಕಳು. ಆ ದಿನ ನಾನು ಮಾಡಿಕೊಂಡ ಧ್ವನಿಮುದ್ರಣದಲ್ಲಿ ನಗುವಿಲ್ಲ, ಬಸ್ಸಿನ ಹಾರ್ನ್ ಇದೆ. ಮಗಳ ಜ್ವರ ಇಳಿಯಲಿ ಎಂದು ಹೊತ್ತ ಹರಕೆ ಅದು ಎಂದು ಆಮೇಲೆ ಎರಡು ಸಭೆಗಳಲ್ಲಿ ಹೇಳಿದ್ದೇನೆ. ಕೇಳಿದವರು ತಲೆದೂಗಿದ್ದಾರೆ. ಧ್ವನಿಮುದ್ರಣದಲ್ಲಿ ಜ್ವರವೂ ಇಲ್ಲ, ಮಗಳೂ ಇಲ್ಲ. ಯಾಕೆ ಹರಕೆ ಎಂದು ನಾನು ಕೇಳಿರಲೇ ಇಲ್ಲ.

ಆಕೆ ನೇರ ಕಂಪನಿಯ ಕಚೇರಿಗೆ ಹೊರಟಳು. ನಾನೂ ಹಿಂದೆ ಮೆಟ್ಟಿಲು ಹತ್ತಿದೆ. ಮೇಜಿನ ಹಿಂದಿದ್ದವನು ಒಳ್ಳೆಯ ಮಾತಿನಲ್ಲೇ ಹೇಳಿದ: "ಒಂದು ವಿಗ್ ಹಾಕ್ಕೊಂಡು ಸೆಲ್ಫಿ ಕೊಡಮ್ಮ, ಮುಗೀತು."

"ದೇವರಿಗೆ ಕೊಟ್ಟಿದ್ದನ್ನ ಫೋನಿಗೋಸ್ಕರ ಇನ್ಯಾರ ಹತ್ರಾನೋ ಇಸ್ಕೊಂಡ್ ಬರ್ಲಾ ಸಾರ್?"

"ಹಂಗಾದ್ರೆ ಕೂದ್ಲು ಬರೋವರ್ಗೂ ಕಾಯಿ."

"ಅಲ್ಲೀವರ್ಗೂ ಹೊಟ್ಟೆ ಕಾಯ್ತದಾ? ಮೂಗು ಅದೇ ಇದೆ, ಹಲ್ಲು ಅದೇ ಇದೆ. ನೀವೇ ಹೇಳಿ, ನಾನ್ ಯಾರು?"

"ನೀನೇ ಅಮ್ಮ. ಸಿಸ್ಟಮ್ ಒಪ್ಪಲ್ಲ."

"ಒಪ್ಪಿಸಿ ಸಾರ್. ನಾನೇನ್ ಎಲ್ಲೂ ಹೋಗಲ್ಲ."

ಹೋಗಲಿಲ್ಲ. ಅವನ ಮೇಜಿನ ಮುಂದೆ ನಿಂತೇ ಇದ್ದಳು. ಅವನು ಊಟಕ್ಕೆ ಎದ್ದರೆ ಬಾಗಿಲವರೆಗೂ ಹಿಂದೆಯೇ ಬಂದಳು. ಕೊನೆಗೆ ಅವನು ಬೋಳುತಲೆಯದೇ ಹೊಸ ಫೋಟೊ ತೆಗೆದು ಮೇಲಿನ ಕಚೇರಿಗೆ ಕಳಿಸಿದ. ಉತ್ತರ ಬರಲು ಅರ್ಧ ಗಂಟೆ ಹಿಡಿಯಿತು ಎಂದು ನನ್ನ ನೆನಪು. ಧ್ವನಿಮುದ್ರಣ ಎರಡೂವರೆ ಗಂಟೆಯದು, ಬಹುಪಾಲು ಫ್ಯಾನಿನ ಸದ್ದು.

ಆ ಹೊತ್ತಿನಲ್ಲಿ ನಾನು, ಬೇರೇನೂ ತೋಚದೆ, ಏಳನೆಯ ಪ್ರಶ್ನೆ ಓದಿದೆ.

"ಒಂದರಿಂದ ಐದರೊಳಗಾ?" ಎಂದಳು ಆಕೆ. "ನೀವೂ ಆ ಫೋನ್ ಥರಾನೇ ಮೇಡಂ."

ಪೆನ್ನಿನ ಮುಚ್ಚಳ ಹಾಕಿದೆ. ಆ ಜಾಗದಲ್ಲಿ ಅಂಕಿ ಬೇಕೇಬೇಕು ಎಂದು ನನ್ನ ಮೇಲಿನವರು ಮೂರು ಸಲ ಫಾರಂ ವಾಪಸ್ ಕಳಿಸಿದರು. ಮೂರು ಸಲವೂ ಖಾಲಿಯೇ ಕೊಟ್ಟೆ. ಅವರ ಪಟ್ಟಿಯಿಂದ ಆಕೆಯನ್ನು ಕೈಬಿಟ್ಟರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂದು ಕಚೇರಿಯಲ್ಲಿ ಆಕೆಯ ಫೋನ್ ಸದ್ದು ಮಾಡಿತು. ಐಡಿ ತೆರೆದುಕೊಂಡಿತ್ತು. ಮೇಜಿನ ಹಿಂದಿನವನು ಬೆವರು ಒರೆಸಿಕೊಳ್ಳುತ್ತ, "ನೋಡಮ್ಮ, ಕೂದ್ಲು ಬೆಳೆದ್ರೆ ಮತ್ತೆ ಮುಖ ಹೊಂದಲ್ಲ ಅಂದ್ರೂ ಅನ್ಬೋದು ಸಿಸ್ಟಮ್ಮು," ಎಂದ.

ಆಕೆ ಆಗಲೇ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. "ಬೆಳೀಲಿ ಸಾರ್. ಬೆಳೆದಾಗೆಲ್ಲ ಬರ್ತೀನಿ."