ಸೀಟಿಗೆ ಮುಂಚೆ ಕೊರೆದ ಹೆಸರು

ಬೆಳಗಿನ ಐದೂವರೆ. ಕಾಲಿಂಪಾಂಗ್ ಬೆಟ್ಟಸಾಲಿನ ಚಿಸಾಪಾನಿ ಬಜಾರಿನಲ್ಲಿ ಒಂದೇ ಅಂಗಡಿಯ ದೀಪ ಉರಿಯುತ್ತಿದೆ. ಒಳಗೆ ಎಪ್ಪತ್ನಾಲ್ಕರ ಬೆಳ್ಳಿ ಕೆತ್ತನೆಗಾರ ಆಶಾಕಾಜಿ ಶಾಕ್ಯ ಸಾಣೆಕಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು ಬೆರಳುದ್ದದ ಉಳಿ ಮಸೆಯುತ್ತಾರೆ, ಉಗುರಿನ ಮೇಲಿಟ್ಟು ಹರಿತ ನೋಡುತ್ತಾರೆ, ಮತ್ತೆ ಮಸೆಯುತ್ತಾರೆ. ಪಕ್ಕದಲ್ಲಿ ಮರಳುಚೀಲದ ಮೇಲೆ ಮೊಳದೆತ್ತರದ ಬೆಳ್ಳಿ ಕಪ್ ಕೂತಿದೆ. ಇಪ್ಪತ್ತಾರು ವರ್ಷದಿಂದ ಅದನ್ನು ಯಾರೂ ಎತ್ತಿಲ್ಲ.

"ಈ ಸಲ ಕಿವೀಲಿ ಹತ್ತಿ ಇಟ್ಕೊಂಡು ಹೋಗಿ," ಚಹಾ ತಂದ ಹೆಂಡತಿ ಸಾನುನಾನಿ ಕೆಣಕುತ್ತಾರೆ.

"ಕಿವೀದೇನೂ ತಪ್ಪಿರ್ಲಿಲ್ಲ ಕಣೇ. ಅವಸರ ಕೈದು."

ಕಪ್ಪಿಗೆ ಧನಬೀರ್ ಕಂಪೌಂಡರ್ ಸ್ಮಾರಕ ಎಂದು ಹೆಸರು. ಔಷಧಿ ಪೆಟ್ಟಿಗೆ ಹೊತ್ತು ಬೆಟ್ಟವಿಡೀ ನಡೆಯುತ್ತಿದ್ದ, ಫುಟ್ಬಾಲ್ ಅಂದರೆ ರೋಗಿಯನ್ನೂ ಮರೆಯುತ್ತಿದ್ದ ಆ ಮನುಷ್ಯ ಭೂಕುಸಿತದಲ್ಲಿ ತೀರಿಕೊಂಡಾಗ, ಚಹಾತೋಟದ ಹೆಂಗಸರು ಕಿವಿಯ ಬೆಳ್ಳಿ ಓಲೆ ಕೊಟ್ಟರು, ಬಜಾರಿನವರು ನಾಣ್ಯ ಕೊಟ್ಟರು. ಎರಡನ್ನೂ ಒಂದೇ ಮೂಸೆಯಲ್ಲಿ ಕರಗಿಸಿ ಕಪ್ ಮಾಡಿದವರು ಆಶಾಕಾಜಿಯವರ ಅಪ್ಪ. ೧೯೫೧ರಿಂದ ಅದರ ಮೇಲೆ ನಲವತ್ತೈದು ಗೆದ್ದ ತಂಡಗಳ ಹೆಸರು ಬಿದ್ದಿವೆ. ಹದಿನೈದು ಅಪ್ಪನ ಕೈಯವು, ಮೂವತ್ತು ಇವರವು.

ಈ ಫುಟ್ಬಾಲ್ ಪಂದ್ಯಾವಳಿಗೆ ಅದರದೇ ಪದ್ಧತಿಯೊಂದಿತ್ತು. ಕೊನೆಯ ಉದ್ದ ಸೀಟಿ ಊದಿದ ಮೇಲೆ ಗೆದ್ದವರ ಹೆಸರನ್ನು ಮೈದಾನದ ಅಂಚಿನಲ್ಲೇ ಕೂತು ಕೊರೆಯಬೇಕು. ನಾಯಕ ಹೊಸ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿ, ಅಂಟಿದ ಬೆಳ್ಳಿಪುಡಿಯನ್ನು ಹಣೆಗಿಟ್ಟುಕೊಂಡು ಆಮೇಲೆ ಕಪ್ ಎತ್ತಬೇಕು.

೧೯೯೯ರ ಫೈನಲ್ ಬಜಾರ್ ಇಲೆವೆನ್‌ಗೂ ಗೈರಿಧುರಾ ಚಹಾತೋಟಕ್ಕೂ ನಡೆದಿತ್ತು. ಬಜಾರ್ ಒಂದು ಗೋಲು ಮುಂದಿದ್ದಾಗ ಮಂಜು ಇಳಿಯಿತು, ಮೈದಾನ ಕಾಣಿಸದಾಯಿತು. ಉದ್ದನೆಯ ಸೀಟಿ ಕೇಳಿಸಿತು. ಆಶಾಕಾಜಿ ಕೊರೆಯತೊಡಗಿದರು. ಆದರೆ ಆ ಸೀಟಿ ಮಂಜು ಸರಿಯುವವರೆಗೆ ಆಟ ನಿಲ್ಲಿಸಲು ಊದಿದ್ದು. ಅರ್ಧ ಗಂಟೆಯ ಮೇಲೆ ಆಟ ಮುಂದುವರಿದು ತೋಟದವರು ಸಮ ಮಾಡಿದರು. ಹನ್ನೊಂದು ನಿಮಿಷ ಬಾಕಿ ಇರುವಾಗ ಮತ್ತೆ ಮಂಜು ಕವಿಯಿತು, ಆಟ ಮರುದಿನಕ್ಕೆ ಹೋಯಿತು. ಬೆಳಗ್ಗೆ ತೋಟದ ನಾಯಕ ಬಿರ್ಖಮಾನ್ ಸುಬ್ಬಾ ಕಪ್ ನೋಡಿದರು. ಬಜಾರಿನ ಹೆಸರು ಆಗಲೇ ಕೂತಿತ್ತು.

"ನಮ್ಮನ್ನ ಕರೆಸಿದ್ದು ಯಾಕೆ, ಚಪ್ಪಾಳೆ ತಟ್ಟೋಕಾ?" ಎಂದು ಸುಬ್ಬಾ ತಂಡ ಕಟ್ಟಿಕೊಂಡು ಬೆಟ್ಟ ಹತ್ತಿದರು. ಪಂದ್ಯಾವಳಿ ಅಲ್ಲಿಗೆ ನಿಂತಿತು. ಬಜಾರಿನ ಮಂದಿಗೆ ಆಶಾಕಾಜಿ 'ಸೀಟಿ ದಾಜು', ಅಂದರೆ ಸೀಟಿ ಅಣ್ಣ, ಆದರು. ಯಾರಾದರೂ ಬೇಯುವ ಮೊದಲೇ ಪಾತ್ರೆ ಇಳಿಸಿದರೆ "ಸೀಟಿ ದಾಜೂನ ಮನೆಯವರಾ?" ಎಂದು ಕೇಳುವುದು ರೂಢಿಯಾಯಿತು. ಹೆಸರು ಉಜ್ಜಿ ಅಳಿಸು ಎಂದು ಸಮಿತಿ ಹೇಳಿದರೆ ಇವರು ಒಪ್ಪಲಿಲ್ಲ. "ಉಜ್ಜಿದ್ರೆ ಬೆಳ್ಳಿ ಸವೆಯುತ್ತೆ. ನಾನು ಮಾಡಿದ್ದು ಹೋಗುತ್ತಾ?"

ದಿನಕ್ಕೆ ನಾನೂರು ಅಕ್ಷರ ಕೊರೆಯುತ್ತಿದ್ದ ಕೈಗೆ ಈಗ ನಲವತ್ತು ಸಿಕ್ಕರೆ ಹೆಚ್ಚು; ಮದುವೆ ಪಾತ್ರೆಗಳಿಗೆಲ್ಲ ಯಂತ್ರ ಬಂದಿದೆ. ಆದರೂ ಪ್ರತಿವರ್ಷ ದಸೈಂ ಹಬ್ಬದ ಮಾರನೆ ದಿನ ಅಂಗಡಿ ಮುಚ್ಚಿ ಮೂರು ಗಂಟೆ ಏರು ಹತ್ತಿ ಅವರು ಗೈರಿಧುರಾಗೆ ಹೋಗುತ್ತಾರೆ. ಸುಬ್ಬಾ ಚಹಾ ಕೊಡುತ್ತಿದ್ದರು, ಕ್ಷಮೆ ಕೊಡುತ್ತಿರಲಿಲ್ಲ. ಈ ವರ್ಷ ಆಶಾಕಾಜಿ ಬೇರೆಯದನ್ನೇ ಕೇಳಿದರು.

"ಕ್ಷಮೆ ನಿನ್ನ ಹತ್ರಾನೇ ಇರ್ಲಿ, ಭಾಯಿ. ನನಗೆ ಹನ್ನೊಂದು ನಿಮಿಷ ಕೊಡು."

ಸುಬ್ಬಾ ಬಹಳ ಹೊತ್ತು ತಮ್ಮ ಹೊಟ್ಟೆ ನೋಡಿಕೊಂಡರಂತೆ. "ಈ ಹೊಟ್ಟೆ ಇಟ್ಕೊಂಡಾ?"

"ನಂಗೇನು, ಆಗಿನ ಕಣ್ಣು ಇದೆಯಾ?"

ಹಾಗಾಗಿ ಇವತ್ತು ಮಧ್ಯಾಹ್ನ ಮೈದಾನದ ಸುತ್ತ ಕಾಲಿಡಲು ಜಾಗವಿಲ್ಲ. ಆಗಿನ ಆಟಗಾರರಲ್ಲಿ ಹದಿನೇಳು ಮಂದಿ ಬಂದಿದ್ದಾರೆ, ಬಜಾರಿನವರು ಒಂಬತ್ತು, ತೋಟದವರು ಎಂಟು. ಇಲ್ಲದವರ ಜಾಗವನ್ನು ಖಾಲಿಯೇ ಬಿಟ್ಟಿದ್ದಾರೆ. ಬಿಸಿಲು ಸ್ವಚ್ಛವಾಗಿದೆ. ಒಂದು-ಒಂದರಿಂದ ಆಟ ಶುರು.

"ಓಡು ದಾಜು, ಹೆಂಡತಿ ನೋಡ್ತಿದಾಳೆ," ಎಂದು ಜನ ಆಟಗಾರರನ್ನು ಕಿಚಾಯಿಸುತ್ತಾರೆ. ಒಂಬತ್ತನೇ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡು ಸುಬ್ಬಾ ಅವರ ಹೊಟ್ಟೆಗೆ ಬಡಿದು ಬಜಾರಿನ ಗೋಲಿನೊಳಗೆ ಉರುಳುತ್ತದೆ. ಬಜಾರಿನವರೂ ಎದ್ದು ಕುಣಿಯುತ್ತಾರೆ.

ಉದ್ದ ಸೀಟಿ. ಆಶಾಕಾಜಿ ಉಳಿ ಮುಟ್ಟುವುದಿಲ್ಲ. ಎದ್ದು ನಿಧಾನಕ್ಕೆ ಮೈದಾನ ದಾಟಿ ರೆಫರಿಯ ಮುಂದೆ ನಿಲ್ಲುತ್ತಾರೆ.

"ಮುಗೀತಾ?"

"ಮುಗೀತು."

"ಪೂರ್ತಿ?"

"ಪೂರ್ತಿ, ದಾಜು. ಬೇಕಾದ್ರೆ ಸೀಟಿ ನೀವೇ ಇಟ್ಕೊಳ್ಳಿ."

ಮೈದಾನವಿಡೀ ನಗುತ್ತದೆ, ಅವರೂ ನಗುತ್ತಾರೆ. ಮತ್ತೆ ಅರ್ಧ ಗಂಟೆ ಉಳಿಯ ಸಣ್ಣ ಟಕಟಕ ಬಿಟ್ಟರೆ ಸದ್ದಿಲ್ಲ. ಒಬ್ಬರೂ ಮನೆಗೆ ಹೊರಡುವುದಿಲ್ಲ. ತಪ್ಪು ಹೆಸರಿನ ಕೆಳಗೆ ಗೈರಿಧುರಾ ಮೂಡುತ್ತದೆ.

ಸುಬ್ಬಾ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸುತ್ತಾರೆ. ಬೆಳ್ಳಿಪುಡಿಯನ್ನು ತಮ್ಮ ಹಣೆಗಲ್ಲ, ಆಶಾಕಾಜಿಯವರ ಹಣೆಗೆ ಒತ್ತುತ್ತಾರೆ. "ಮೇಲಿನದ್ದು ಹಂಗೇ ಇರ್ಲಿ ದಾಜು. ಅದು ನಿಮ್ಮ ರುಜು." ಆಮೇಲೆ ಕಪ್ ಎತ್ತುತ್ತಾರೆ.

ಸಂಜೆ ಅಂಗಡಿಯಲ್ಲಿ ಆಶಾಕಾಜಿ ಮುಖ ತೊಳೆಯದೆ ಕೂತಿದ್ದಾರೆ, ಹಣೆಯ ಮೇಲಿನ ಬೆಳ್ಳಿ ಹಾಗೇ ಇದೆ. ಕಪ್ಪಿನ ಕೆಳಭಾಗವನ್ನು ದಾರ ಹಿಡಿದು ಅಳೆಯುತ್ತಾರೆ.

"ಮುಂದಿನ ವರ್ಷ ಹುಡುಗರು ತೊಂಬತ್ತು ನಿಮಿಷ ಪೂರ್ತಿ ಆಡ್ಲಿ," ಎನ್ನುತ್ತಾರೆ. "ಇನ್ನೂ ಹತ್ತೊಂಬತ್ತು ಹೆಸರಿಗೆ ಜಾಗ ಇದೆ. ನಾನು ಕಾಯ್ತೀನಿ."