ಹನ್ನೊಂದನೆಯ ತುಂಡು

ರೇಸ್ ಕಾರು ಓಡಿಸುವವರ ಹೆಲ್ಮೆಟ್ಟಿಗೆ ಬಣ್ಣ ಹೊಡೆಯುವುದು ಟೇಪಕ್ಕನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಈಗ ಯಾರೂ ಬಳಸುವುದಿಲ್ಲ. ಬಣ್ಣ ಹೊಡೆಯಲು ಒಂದು ಗಂಟೆ ಸಾಕಾದರೆ ಟೇಪು ಅಂಟಿಸಲು ಒಂದು ದಿನ ಬೇಕು ಎನ್ನುವ ಹೆಂಗಸು. ಬಳೆ ಇರಬೇಕಾದ ಕೈಯಲ್ಲಿ ಟೇಪಿನ ಸುರುಳಿ. ಒಮ್ಮೆ ಯಾರದೋ ಮದುವೆಗೂ ಹಾಗೆಯೇ ಹೋಗಿ, ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಇದು ಯಾವ ಅಂಗಡಿಯದು ಎಂದು ಕೇಳುವಂತಾಗಿತ್ತು.

ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಗಂಡ ಹೇಳುತ್ತಾನೆ. ನಿಜವಾಗಿ ಚಕ್ರದ ಜೊತೆ ಬದುಕಿದವನು ಅವನು: ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಗೋಡೆ ಕಂಡರೆ ಒರಗುತ್ತಾನೆ, ಒರಗಿದರೆ ಕಣ್ಣು ಮುಚ್ಚುತ್ತಾನೆ. ಇಬ್ಬರನ್ನೂ ಕಲಸಿ ಎರಡು ಪಾಲು ಮಾಡಿದ್ದರೆ ಎರಡು ಸರಿಯಾದ ಮನುಷ್ಯರು ಆಗುತ್ತಿದ್ದರು.

ಟೇಪಿನ ಹುಚ್ಚು ಹಿಡಿಯಲು ಒಂದು ಕಾರಣವಿತ್ತು. ಮೊದಲು ಅವಳು ಅಂಗಡಿಗಳ ಬೋರ್ಡು ಬರೆಯುತ್ತಿದ್ದಳು. ಯಾರೋ ಒಬ್ಬ ತನ್ನ ಹೆಲ್ಮೆಟ್ ತಂದು ಹದ್ದಿನ ಚಿತ್ರ ಬಿಡಿಸಿಕೊಡಿ ಎಂದ. ಹಳೆಯ ಸ್ಟಿಕರಿನ ಅಂಟು ಹೋಗಲೆಂದು ಇವಳು ಬಣ್ಣ ತೆಳುಮಾಡುವ ಥಿನ್ನರಿನಲ್ಲಿ ತಿಕ್ಕಿದಳು, ಗಾಳಿ ಹೋಗಲು ಇಟ್ಟ ತೂತಿನಿಂದ ಒಂದಿಷ್ಟು ಒಳಗೆ ಇಳಿಯಿತು. ಹದ್ದು ಚೆನ್ನಾಗಿಯೇ ಬಂತು. ಮರುದಿನ ಒಳಗೆ ಕೈಹಾಕಿ ಎತ್ತಿದರೆ ಹೆಬ್ಬೆರಳು ಸೀದಾ ಒಳಕ್ಕೆ ಹೋಯಿತು. ಹೊಸ ಮಿಕ್ಸಿಯ ಪೆಟ್ಟಿಗೆಯಲ್ಲಿ ಬರುವ ಥರ್ಮಕೋಲ್ ಇದೆಯಲ್ಲ, ಹೆಲ್ಮೆಟ್ಟಿನ ಒಳಗೆ ಇರುವುದೂ ಅದೇ ಜಾತಿಯದು, ಸ್ವಲ್ಪ ಗಟ್ಟಿ ಅಷ್ಟೇ. ಥಿನ್ನರ್ ಬಿದ್ದರೆ ಸದ್ದಿಲ್ಲದೆ ಕರಗಿ ಹೋಗುತ್ತದೆ. ಹೊರಗೆ ಹದ್ದು ರೆಕ್ಕೆ ಬಿಚ್ಚಿ ನಿಂತಿತ್ತು, ಒಳಗೆ ನಿಂಬೆಹಣ್ಣಿನ ಗಾತ್ರದ ಪೊಳ್ಳು. ಆ ಹೆಲ್ಮೆಟ್ಟನ್ನು ಅವಳು ವಾಪಸು ಕೊಡಲಿಲ್ಲ, ಹೊಸದು ಕೊಡಿಸಿದಳು.

ಅಂದಿನಿಂದ ಅವಳದೊಂದು ಕ್ರಮ. ಹೆಲ್ಮೆಟ್ಟಿನಲ್ಲಿ ಎಷ್ಟು ತೂತಿದೆಯೋ ಅಷ್ಟಕ್ಕೂ ಎಲ್ಲಕ್ಕಿಂತ ಮೊದಲು ಒಂದೊಂದು ಟೇಪಿನ ತುಂಡು. ಆಮೇಲೆ ತಿಕ್ಕುವುದು, ಉಜ್ಜುವುದು, ಬಣ್ಣ. ಬಣ್ಣ ಒಣಗಿದ ಮೇಲೆ ತುಂಡುಗಳನ್ನು ಕಿತ್ತು ಗೋಡೆಗೆ ಸಾಲಾಗಿ ಅಂಟಿಸಿ ಎಣಿಸಬೇಕು. ಲೆಕ್ಕ ಸರಿಬಂದರೆ ಮಾತ್ರ ಹೆಲ್ಮೆಟ್ ಬಾಗಿಲು ದಾಟಬೇಕು.

ಈಗ ಅವಳ ಅಕ್ಕನ ಮಾತು. ಅಕ್ಕನಿಗೆ ಒಬ್ಬಳೇ ಮಗಳು, ಮನೆಯವರೆಲ್ಲ ಕರೆಯುವುದು ಚೂಟಿ ಎಂದು. ಚೂಟಿ ಸಣ್ಣವಳಿದ್ದಾಗ ಚಿಕ್ಕಮ್ಮನ ಗೋಡೆಯ ಮುಂದೆ ನಿಂತು ಟೇಪಿನ ತುಂಡು ಎಣಿಸಿ ಎಣಿಸಿಯೇ ಲೆಕ್ಕ ಕಲಿತಳು. ಕಲಿತದ್ದು ಲೆಕ್ಕ, ಹಿಡಿದದ್ದು ರೇಸಿನ ಹುಚ್ಚು. ಅಕ್ಕ ಊಟ ಬಿಟ್ಟಳು, ಅತ್ತಳು, ಕೊನೆಗೆ ತಂಗಿಯ ಮೇಲೆ ಹರಿಹಾಯ್ದಳು.

"ನೀನೇ ಕಣೇ ಅವಳನ್ನ ಹಾಳು ಮಾಡಿದ್ದು. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರ್ನ ಕೇಳ್ಲಿ?"

"ನನ್ನ ಕೇಳು," ಎಂದಿದ್ದಳು ಟೇಪಕ್ಕ. ಅಲ್ಲೇ ಇದ್ದ ಹೆಲ್ಮೆಟ್ ತಂದು ಅಕ್ಕನ ಮಡಿಲಿಗೆ ಹಾಕಿ, ಒಂದೊಂದನ್ನೇ ಕೈಹಿಡಿದು ಮುಟ್ಟಿಸಿದಳು. "ಮೇಲಿನ ಚಿಪ್ಪು ನೋಡು, ಕಾರ್ಬನ್ ಬಟ್ಟೆನ ಪದರ ಪದರವಾಗಿ ಅಂಟಿಸಿ ಬೇಯಿಸಿದ್ದು. ಪೆಟ್ಟು ಒಂದೇ ಕಡೆ ಚುಚ್ಚದ ಹಾಗೆ ಹರಡತ್ತೆ. ಒಳಗಿನ ಬೆಂಡು, ಅದೇ ಥರ್ಮಕೋಲು, ತಾನು ನಜ್ಜುಗುಜ್ಜಾಗಿ ತಲೆನ ಉಳಿಸತ್ತೆ. ಒಂದೇ ಸಲ ಅಷ್ಟೇ, ಆಮೇಲೆ ಅದು ಕಸಕ್ಕೆ. ಒಳಗೆ ಹೊದಿಸಿರೋ ಬಟ್ಟೆಗೆ ಬೆಂಕಿ ಬೇಗ ಹತ್ತಲ್ಲ. ಈ ಎರಡು ಸ್ಕ್ರೂಗೆ ಪಟ್ಟಿ ಸಿಕ್ಕಿಸಿ ಹೆಗಲ ಮೇಲೆ ಕೂರೋ ಗಟ್ಟಿ ಪಟ್ಟಕ್ಕೆ ಬಿಗೀತಾರೆ, ಕಾರು ಗುದ್ದಿದ್ರೂ ಕತ್ತು ಮುಂದಕ್ಕೆ ಮುರ್ಕೊಳಲ್ಲ. ಕೆನ್ನೆ ಹತ್ರ ಈ ಕೆಂಪು ಬಾಲ ಇದೆ ನೋಡು, ಇದನ್ನ ಎಳೆದ್ರೆ ದಿಂಬು ಹೊರಗೆ ಬರತ್ತೆ, ಕತ್ತು ಅಲುಗಿಸದೆ ಹೆಲ್ಮೆಟ್ ತೆಗೀಬಹುದು."

ಅಕ್ಕ ಕೆಂಪು ಬಾಲ ಹಿಡಿದುಕೊಂಡು ಇನ್ನೂ ಜೋರಾಗಿ ಅತ್ತಳು. ಅದನ್ನು ಎಳೆಯುವ ಹೊತ್ತು ಯಾವುದೆಂದು ಅವಳಿಗೆ ಅರ್ಥವಾಗಿತ್ತು. ಆಗ ಟೇಪಕ್ಕ ಆ ಮಾತು ಕೊಟ್ಟಳು: "ಅವಳ ತಲೆ ನನ್ನ ಹೊಣೆ ಅಕ್ಕ. ಕಾರು ನಂಗೊತ್ತಿಲ್ಲ, ರಸ್ತೆ ನಂಗೊತ್ತಿಲ್ಲ. ತಲೆ ನಂದು."

ಈ ಮಾತಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಆ ಶನಿವಾರ ಬಂತು. ಮಾರನೆಯ ದಿನ ವರ್ಷದ ಕೊನೆಯ ಪಂದ್ಯ, ಬೆಳಿಗ್ಗೆ ಹನ್ನೊಂದಕ್ಕೆ. ಮೊದಲ ಮೂವರಲ್ಲಿ ಬಂದವರನ್ನು ದೊಡ್ಡ ತಂಡವೊಂದು ತರಬೇತಿಗೆ ಕರೆದುಕೊಳ್ಳುವುದಿತ್ತು. ಹಳೆಯ ಹೆಲ್ಮೆಟ್ಟಿನ ಅವಧಿ ಮುಗಿದಿದ್ದರಿಂದ ಚೂಟಿ ಹೊಸದು ಕೊಂಡು, ಅದಕ್ಕೆ ಕಡುನೀಲಿ ಬಣ್ಣ ಕೇಳಿದ್ದಳು. ಕಣ್ಣಿನ ಮುಂದಿನ ಗಾಜಿನ ಕಿಟಕಿಯನ್ನು ಬಿಟ್ಟರೆ ಹನ್ನೊಂದು ತೂತು: ಗಲ್ಲದಲ್ಲಿ ಎರಡು, ಹಣೆಯಲ್ಲಿ ಮೂರು, ಹಿಂದೆ ನಾಲ್ಕು, ಕತ್ತಿನ ಪಟ್ಟಿಯ ಸ್ಕ್ರೂಗಳದು ಎರಡು.

ಸಂಜೆ ಟೇಪಕ್ಕ ತುಂಡುಗಳನ್ನು ಕಿತ್ತು ಗೋಡೆಗೆ ಅಂಟಿಸುತ್ತಿದ್ದಾಗ ಅಕ್ಕನ ಫೋನು ಬಂತು. ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ, ಕನಸಿನಲ್ಲಿ ಗೇರು ಬದಲಿಸುತ್ತಾಳೆ ಎಂಬ ಪುರಾಣ. ಅದರ ನಡುವೆ ಗಂಡ ವಾಕಿಂಗ್ ಮುಗಿಸಿ ಬಂದು, ಚಹಾ ಲೋಟ ಹಿಡಿದು ಗೋಡೆಗೆ ಒರಗಿ ನಿಂತ. ಅದರ ನಡುವೆ ಚೂಟಿ ಬಂದು, ಹೊರಗೆ ವ್ಯಾನು ಕಾಯುತ್ತಿದೆ ಎಂದು ಹೆಲ್ಮೆಟ್ಟನ್ನು ಚೀಲಕ್ಕೆ ತುಂಬಿಕೊಂಡು, ಚಿಕ್ಕಮ್ಮನ ಕೆನ್ನೆಗೊಂದು ಮುತ್ತು ಕೊಟ್ಟು ಓಡಿದಳು. ಎಣಿಸುವುದೊಂದು ಉಳಿದೇ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೋಡೆ ಖಾಲಿ ಮಾಡಲು ಹೋದವಳು ಎಣಿಸಿದಳು. ಹತ್ತು.

ಮತ್ತೆ ಎಣಿಸಿದಳು, ಬಲದಿಂದ ಎಡಕ್ಕೆ. ಎಡದಿಂದ ಎಣಿಸಿದರೆ ಹನ್ನೊಂದು, ಬಲದಿಂದ ಎಣಿಸಿದರೆ ಹತ್ತು ಆಗುವುದುಂಟೇ? ಎರಡು ಕಡೆಯಿಂದಲೂ ಹತ್ತೇ. ಕಸದ ಡಬ್ಬಿಯನ್ನು ನೆಲಕ್ಕೆ ಸುರಿದು ಕೈಯಾಡಿಸಿದಳು. ಮೇಜಿನ ಕೆಳಗೆ ತೆವಳಿದಳು. ಚಪ್ಪಲಿ ತಿರುಗಿಸಿ ನೋಡಿದಳು, ಸೆರಗು ಕೊಡವಿದಳು, ಪೊರಕೆಯ ಕಡ್ಡಿಗಳ ನಡುವೆಯೂ ಬಿಡಿಸಿ ನೋಡಿದಳು. ತುಂಡು ಅಂಟಿಸಿ ಎಲ್ಲೋ ಬಿದ್ದುಹೋಯಿತೇ? ಅಥವಾ ಅಂಟಿಸಲೇ ಇಲ್ಲವೇ? ಅಂಟಿಸದಿದ್ದರೆ ಯಾವ ತೂತು? ಥಿನ್ನರಿನ ಬಟ್ಟೆಯಲ್ಲಿ ತಾನು ಹೆಲ್ಮೆಟ್ಟಿನ ಹಿಂಭಾಗವನ್ನು ಎಷ್ಟು ಸಲ ಒರೆಸಿದೆ? ನೆನಪು ಮಾಡಿಕೊಂಡಷ್ಟೂ ಒದ್ದೆ ಬಟ್ಟೆ ಮಾತ್ರ ಕಣ್ಣಮುಂದೆ ಬಂತು, ಟೇಪು ಬರಲಿಲ್ಲ.

ಚೂಟಿಗೆ ಫೋನು ಮಾಡಿದಳು. ಪಂದ್ಯದ ದಿನ ಫೋನು ಮುಟ್ಟುವವಳಲ್ಲ ಆ ಹುಡುಗಿ.

"ರೀ, ಏಳ್ರಿ. ಸ್ಕೂಟರ್ ತೆಗೀರಿ."

"ಏನಾಯ್ತೇ ಈಗ?"

"ಹತ್ತೇ ಇದೆ ರೀ."

ಗಂಡನಿಗೆ ಅಷ್ಟು ಸಾಕಾಯಿತು. ನಿನ್ನೆಯ ಕಡುನೀಲಿ ಜರ್ಕಿನ್ ಹಾಕಿಕೊಂಡು ಹೊರಟ. ಬಸ್ಸು ಓಡಿಸಿದ ಮನುಷ್ಯ, ಸ್ಕೂಟರನ್ನೂ ಐವತ್ತು ಜನ ಹಿಂದೆ ಕೂತಿದ್ದಾರೆ ಎಂಬಂತೆಯೇ ಓಡಿಸುತ್ತಾನೆ. ಒಂದೂವರೆ ಗಂಟೆಯ ದಾರಿ. ಟೇಪಕ್ಕ ಅವನ ಹೆಗಲ ಮೇಲಿಂದ ಕತ್ತು ಚಾಚಿ ರಸ್ತೆಯನ್ನು ತಾನೇ ಎಳೆದುಕೊಳ್ಳುವವಳಂತೆ ನೋಡುತ್ತಿದ್ದಳು. ಸಿಗ್ನಲ್ಲಿನಲ್ಲಿ ಇಳಿದು ಓಡೋಣವೆನಿಸಿತು. ಹಾಲಿನ ಗಾಡಿಯವನಿಗೆ, ದಾರಿ ದಾಟುವ ನಾಯಿಗೆ, ಕೆಂಪು ದೀಪಕ್ಕೆ, ಎಲ್ಲರಿಗೂ ಸಮನಾಗಿ ಬೈದಳು. ತನಗೆ ಬೈದುಕೊಂಡದ್ದು ಮಾತ್ರ ಹೊರಗೆ ಕೇಳಲಿಲ್ಲ.

ಟ್ರ್ಯಾಕು ಮುಟ್ಟಿದಾಗ ಹತ್ತೂ ಹತ್ತು. ಗಂಡ ಶೆಡ್ಡಿನ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಚೆಲ್ಲಿದ. ಒಳಗೆ ಚೂಟಿ ರೇಸಿನ ಉಡುಪು ತೊಟ್ಟು, ಕೂದಲು ಬಿಗಿಯಾಗಿ ಕಟ್ಟಿ ತಯಾರಾಗಿದ್ದಳು. ಪಕ್ಕದಲ್ಲಿ ತಪಾಸಣೆಯವರು ಒಬ್ಬೊಬ್ಬರ ಹೆಲ್ಮೆಟ್ ನೋಡಿ ಚೀಟಿ ಅಂಟಿಸುತ್ತಿದ್ದರು. ಚೂಟಿಯದಕ್ಕೆ ಹಸಿರು ಚೀಟಿ ಆಗಲೇ ಬಿದ್ದಿತ್ತು.

ಟೇಪಕ್ಕ ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದಳು. ಚೂಟಿಯ ಮುಖದ ಬಣ್ಣ ಇಳಿಯಿತು, ಆದರೆ ಕೈ ಹೆಲ್ಮೆಟ್ ಬಿಡಲಿಲ್ಲ.

"ಚಿಕ್ಕಮ್ಮ, ನೀನು ಯಾವತ್ತಾದ್ರೂ ಒಂದು ತೂತು ಬಿಟ್ಟಿದ್ದೀಯಾ? ತುಂಡು ಎಲ್ಲೋ ಬಿದ್ದಿರತ್ತೆ."

"ಬಿದ್ದಿದ್ರೆ ಸಿಗ್ತಿತ್ತು. ಮನೆ ಪೂರ್ತಿ ಜಾಲಾಡಿದೀನಿ."

ತಪಾಸಣೆಯವರು ಒಳಗಿನ ಬಟ್ಟೆಯ ಗುಂಡಿ ಬಿಚ್ಚಿ, ಟಾರ್ಚು ಬಿಟ್ಟು ನೋಡಿದರು, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿದರು. "ಒಳಗಡೆಯಿಂದ ಏನೂ ಕಾಣ್ತಿಲ್ಲಮ್ಮ."

"ಕಾಣಲ್ಲ ಸಾರ್. ಥಿನ್ನರ್ ಚಿಪ್ಪಿಗೂ ಬೆಂಡಿಗೂ ನಡುವೆ ಇಳಿಯತ್ತೆ. ಆ ಕಡೆಯಿಂದ ತಿನ್ಕೊಂಡು ಬರತ್ತೆ. ಕೊಯ್ದು ನೋಡದೆ ಯಾರಿಗೂ ಗೊತ್ತಾಗಲ್ಲ."

"ಕೊಯ್ದ್ರೆ ಹೆಲ್ಮೆಟ್ ಹೋಯ್ತು."

"ಹೌದು."

"ಬೇರೆ ಇದೆಯಾ?" ಎಂದು ಅವರು ಚೂಟಿಯನ್ನು ಕೇಳಿದರು. ಇರಲಿಲ್ಲ. ಸ್ನೇಹಿತನೊಬ್ಬ ತನ್ನದನ್ನು ತಂದು ಕೊಟ್ಟ. ಟೇಪಕ್ಕ ಅದನ್ನು ಚೂಟಿಯ ತಲೆಗಿಟ್ಟು ಎರಡು ಕೈಯಲ್ಲಿ ಹಿಡಿದು ಅಲುಗಿಸಿದಳು. ಹೆಲ್ಮೆಟ್ ತಿರುಗಿತು, ಕೆನ್ನೆ ತಿರುಗಲಿಲ್ಲ. ಸಡಿಲ ಹೆಲ್ಮೆಟ್ ಹಾಕುವುದಕ್ಕಿಂತ ಕೊಡ ಮಗುಚಿಕೊಳ್ಳುವುದು ವಾಸಿ ಎಂದು ಕಿತ್ತು ವಾಪಸು ಕೊಟ್ಟಳು.

ಚೂಟಿ ನೀಲಿ ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡಳು. ಕಣ್ಣು ತುಂಬಿತ್ತು. "ನನ್ನ ತಲೆ, ನಾನು ಓಡಿಸ್ತೀನಿ. ಏನೂ ಆಗಲ್ಲ ಚಿಕ್ಕಮ್ಮ. ಮತ್ತೆ ಇಂಥ ದಿನ ಬರಲ್ಲ ನಂಗೆ. ಕೈ ಮುಗೀತೀನಿ."

ಹುಡುಗಿ ಹೇಳುವುದೂ ಸರಿಯಿರಬಹುದು. ಇಪ್ಪತ್ತೆರಡು ವರ್ಷ ತಪ್ಪದ ಕೈ ನಿನ್ನೆ ಮಾತ್ರ ಏಕೆ ತಪ್ಪಬೇಕು? ಇನ್ನೊಂದು ಸಲ ಚಿಕ್ಕಮ್ಮ ಎಂದು ಕರೆದರೆ ತನ್ನ ಮನಸ್ಸು ಕರಗುತ್ತದೆ, ಆಮೇಲೆ ತಾನೇ ಪಟ್ಟಿ ಬಿಗಿದು ಕಳಿಸುತ್ತೇನೆ ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಾಯಿತು. ಚೀಲದಿಂದ ಟೇಪು ಕೊಯ್ಯುವ ಬ್ಲೇಡು ತೆಗೆದಳು. ಹೆಲ್ಮೆಟ್ಟನ್ನು ಹುಡುಗಿಯ ತೋಳಿನಿಂದ ಎಳೆದುಕೊಂಡು ಮೇಜಿನ ಮೇಲೆ ಮಗುಚಿ, ಹಿಂಭಾಗದ ಬೆಂಡಿಗೆ ಬ್ಲೇಡು ಇಳಿಸಿ ಸರ್‍ರನೆ ಎಳೆದಳು.

ಚೂಟಿಯ ಎರಡು ತೋಳೂ ಹೆಲ್ಮೆಟ್ ಅವಚಿಕೊಂಡ ಹಾಗೆಯೇ ಎದೆಯ ಮುಂದೆ ಉಳಿದವು.

ಒಂದು ಹೋಳು ಬಂತು. ಕರಗಿರಲಿಲ್ಲ. ಹಣೆಯ ಕಡೆ ಕೊಯ್ದಳು, ಅಲ್ಲೂ ಗಟ್ಟಿ. ಗಲ್ಲ, ಕಿವಿಯ ಪಕ್ಕ, ಸ್ಕ್ರೂಗಳ ಸುತ್ತ. ಹನ್ನೊಂದು ತೂತಿನ ಹಿಂದೆಯೂ ಬೆಂಡು ಕಾರ್ಖಾನೆಯಿಂದ ಬಂದ ದಿನ ಇದ್ದ ಹಾಗೆಯೇ ಇತ್ತು. ಮೊದಲು ಟೇಪಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೈ ತಪ್ಪಿರಲಿಲ್ಲ, ಹುಡುಗಿಯ ತಲೆಗೆ ಕುತ್ತಿರಲಿಲ್ಲ. ಆಮೇಲೆ ಮೇಜಿನ ಮೇಲಿನ ಹೋಳುಗಳನ್ನು ನೋಡಿದಳು, ನಾಚಿಕೆಯಿಂದ ಮೈ ಸುಟ್ಟಂತಾಯಿತು.

"ಚೆನ್ನಾಗೇ ಇತ್ತಲ್ಲಮ್ಮ," ಎಂದರು ತಪಾಸಣೆಯವರು ಮೆಲ್ಲಗೆ.

"ಇತ್ತು," ಎಂದಳು ಟೇಪಕ್ಕ. ಅವರು ಹಸಿರು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರು.

ಹನ್ನೊಂದಕ್ಕೆ ಕಾರುಗಳು ಹೊರಟವು. ಚೂಟಿ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತು ಇಪ್ಪತ್ತು ಸುತ್ತನ್ನೂ ನೋಡಿದಳು, ಚಿಕ್ಕಮ್ಮನ ಕಡೆ ಒಮ್ಮೆಯೂ ತಿರುಗಲಿಲ್ಲ. ಟೇಪಕ್ಕ ಅವಳ ಹಿಂದೆ ಆ ತುದಿಯಿಂದ ಈ ತುದಿಗೆ ನಡೆದಳು. ನೀರು ತಂದಳು, ಕೊಡುವ ಧೈರ್ಯವಾಗದೆ ತಾನೇ ಕುಡಿದಳು. ಪ್ರತಿ ಸುತ್ತಿಗೂ ಎದುರಿಂದ ಕಾರುಗಳು ಚೀರಿಕೊಂಡು ಹೋದಾಗ ಚೂಟಿಯ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದನ್ನು ನೋಡುವುದು ಟೇಪಕ್ಕನಿಂದಾಗಲಿಲ್ಲ. ನಡುವೆ ಅಕ್ಕನ ಫೋನು ಬಂತು.

"ಏನಾಯ್ತೇ?" ಎಂದಳು ಅಕ್ಕ.

"ಅವಳು ಓಡಿಸ್ತಿಲ್ಲ ಅಕ್ಕ. ನಾನೇ ಹಾಳು ಮಾಡ್ದೆ. ಸುಮ್ ಸುಮ್ನೆ ಹಾಳು ಮಾಡ್ದೆ."

ಅಕ್ಕ ಸಂತೋಷಪಡುತ್ತಾಳೆಂದು ಅವಳು ಅಂದುಕೊಂಡಿದ್ದಳು. ಅಕ್ಕ "ಅಯ್ಯೋ ನನ್ನ ಮಗಳೇ," ಎಂದು ಅತ್ತಳು.

ಪಂದ್ಯ ಮುಗಿದು ಜನ ಕರಗಿದರು. ಚೂಟಿ ಖಾಲಿ ಚೀಲ ಹೆಗಲಿಗೇರಿಸಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು, ಹತ್ತು ಹೆಜ್ಜೆ ಹಿಂದೆ ಟೇಪಕ್ಕ. ಚಿಕ್ಕಪ್ಪ ನಿದ್ದೆಯಿಂದ ಎದ್ದು, ಸ್ಕೂಟರಿನ ಕೀಲಿ ಹುಡುಕುತ್ತ ಬೆನ್ನು ತಿರುಗಿಸಿದ. ಚೂಟಿ ಅಲ್ಲೇ ನಿಂತುಬಿಟ್ಟಳು.

ಅವನ ಕಡುನೀಲಿ ಜರ್ಕಿನ್ನಿನ ಬೆನ್ನಿನಲ್ಲಿ, ಎರಡು ಹೆಗಲಿನ ನಡುವೆ, ಉಗುರಿನಗಲದ ಒಂದು ಕಡುನೀಲಿ ಚೂರು. ಹೆಲ್ಮೆಟ್ಟಿನ ಬಣ್ಣ ಕುಡಿದ ಟೇಪು, ಒಂದು ಮೂಲೆ ಎದ್ದು ಗಾಳಿಗೆ ಅಲುಗುತ್ತಿತ್ತು. ನಿನ್ನೆ ಗೋಡೆಯ ಮೇಲೆ ಅಂಟು ಬಿಟ್ಟು ಮಗುಚಿಕೊಂಡದ್ದು, ಅವನು ಒರಗಿದಾಗ ಬೆನ್ನಿಗೆ ಅಂಟಿಕೊಂಡಿತ್ತು. ಒಂದೂವರೆ ಗಂಟೆ ಅದು ಟೇಪಕ್ಕನ ಮೂಗಿನ ಮುಂದೆಯೇ ಇತ್ತು. ಅವಳು ರಸ್ತೆ ನೋಡುತ್ತಿದ್ದಳು.

ಚೂಟಿ ಅದನ್ನು ಮೆಲ್ಲಗೆ ಕಿತ್ತಳು. ತಿರುಗಿ ಬಂದು ಚಿಕ್ಕಮ್ಮನ ಕೈ ಹಿಡಿದು, ಅಂಗೈ ಬಿಡಿಸಿ, ಅದರ ಮೇಲೆ ಅಂಟಿಸಿ ಬೆರಳಿನಿಂದ ಒತ್ತಿದಳು.

"ಹನ್ನೊಂದು," ಎಂದಳು.

ಟೇಪಕ್ಕ ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ಕೂರಿಸಿದಳು.

"ಮುಂದಿನ ಹೆಲ್ಮೆಟ್ಟಿಗೆ ಹಳದಿ ಬಣ್ಣ ಹೊಡಿ ಚಿಕ್ಕಮ್ಮ. ಚಿಕ್ಕಪ್ಪನ ಬೆನ್ನ ಮೇಲಾದ್ರೂ ಕಾಣ್ಲಿ."

ಹೇಳಿದವಳು ನಗಲು ಹೋಗಿ, ಅಲ್ಲೇ ಚಿಕ್ಕಮ್ಮನ ಹೆಗಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಟೇಪಕ್ಕ ಟೇಪು ಅಂಟಿದ ಕೈಯಿಂದಲೇ ಆ ತಲೆಯನ್ನು ಹಿಡಿದುಕೊಂಡು, ಅವಳ ಅಳು ನಿಲ್ಲುವವರೆಗೂ ನಿಂತಲ್ಲಿಂದ ಅಲುಗಲಿಲ್ಲ.